ಬ್ರೇಕ್ ಕೋಲು

"ಅಕ್ಕಾ, ನಿನ್ನ ಬ್ರೇಕ್ ಕೋಲು ಕೊಡೆ, ಬೇಗ!"

ತಂಗಿಯ ಕೈಯಲ್ಲಿದ್ದ ಕೋಲಿನ ತುದಿ ಸೀಳಿಹೋಗಿತ್ತು. ಪೂಲ್ ಆಟದಲ್ಲಿ, ಜೋಡಿಸಿಟ್ಟ ಒಂಬತ್ತು ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತಕ್ಕೆ, ಅಂದರೆ ಬ್ರೇಕ್‌ಗೆಂದೇ, ತುದಿಗೆ ಟಿಪ್ ಎಂಬ ಗಟ್ಟಿ ಚರ್ಮದ ಬಿಲ್ಲೆ ಅಂಟಿಸಿದ ಇನ್ನೊಂದು ಕೋಲು ಇರುತ್ತದೆ. ತಂಗಿಯ ಆ ಕೋಲು ಅಭ್ಯಾಸದ ಮೇಜಿನಲ್ಲೇ ಹಾಳಾಗಿತ್ತು. ಸೋತ ಉಳಿದವರೆಲ್ಲ ಊರಿಗೆ ಮರಳಿದ್ದರು, ಕೇಳಲು ಬೇರೆ ಯಾರೂ ಇರಲಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ಗೆ ಹದಿನೆಂಟು ನಿಮಿಷ ಉಳಿದಿತ್ತು.

ಅಕ್ಕನ ಕೋಲು ರಸ್ತೆಯಾಚೆಯ ಹೋಟೆಲ್ ಕೋಣೆಯಲ್ಲಿತ್ತು. ಹೋಗಿ ಬರಲು ಐದು ನಿಮಿಷ ಸಾಕು.

"ಅದರ ಟಿಪ್ ನಿನ್ನೆನೇ ಕಿತ್ತುಹೋಯ್ತು ಕಣೆ," ಎಂದಳು ಅಕ್ಕ.

ಹೇಳುವ ಮೊದಲು ಯೋಚಿಸಿರಲಿಲ್ಲ. ಹೇಳಿದ ಮೇಲೆ ತಿದ್ದಲೂ ಇಲ್ಲ.

"ಅಯ್ಯೋ! ಅಂಟಣ್ಣನ ಹತ್ರ ಓಡಿದ್ರೆ?"

ಸಭಾಂಗಣದ ಮೂಲೆಯಲ್ಲಿ ಕುಳಿತು ಕೋಲುಗಳಿಗೆ ಟಿಪ್ ಅಂಟಿಸುವವನಿಗೆ ಆಟಗಾರರು ಇಟ್ಟ ಹೆಸರು ಅದು.

"ಅಂಟು ಒಣಗೋಕೇ ಒಂದು ಗಂಟೆ ಬೇಕು. ಮಾಮೂಲಿ ಆಡೋ ಕೋಲಲ್ಲೇ ಮೆಲ್ಲಗೆ ಬ್ರೇಕ್ ಮಾಡು. ಏನಾಗಲ್ಲ."

ಆಗುತ್ತದೆಂದು ಅವಳಿಗೆ ಗೊತ್ತಿತ್ತು. ಮೆಲ್ಲಗೆ ಹೊಡೆದರೆ ಚೆಂಡುಗಳು ಗುಂಪಾಗಿಯೇ ಉಳಿಯುತ್ತವೆ. ಎದುರಾಳಿ ಎರಡು ವರ್ಷದಿಂದ ಚಾಂಪಿಯನ್.

ಅಕ್ಕನಿಗೆ ಮೂವತ್ತನಾಲ್ಕು. ಒಂಬತ್ತು ವಿಶ್ವ ಚಾಂಪಿಯನ್‌ಷಿಪ್ ಆಡಿದ್ದಳು. ಒಮ್ಮೆಯೂ ಕ್ವಾರ್ಟರ್ ಫೈನಲ್ ದಾಟಿರಲಿಲ್ಲ, ಈ ಸಲವಂತೂ ಎರಡನೆಯ ಸುತ್ತಿನಲ್ಲೇ ಹೊರಬಿದ್ದಿದ್ದಳು. ಇಪ್ಪತ್ತಮೂರರ ತಂಗಿಗೆ ಇದು ಮೊದಲನೆಯದು. ಅಪ್ಪನ ಸೈಕಲ್ ಅಂಗಡಿಯ ಮಹಡಿಯಲ್ಲಿ ಅವಳಿಗೆ ಕೋಲು ಹಿಡಿಯುವುದನ್ನು ಕಲಿಸಿದ್ದೇ ಅಕ್ಕ. ನಿನ್ನೆ ತಂಗಿಯ ಸಂದರ್ಶನಕ್ಕೆ ಬಂದಿದ್ದ ವರದಿಗಾರ ಪಕ್ಕದಲ್ಲಿದ್ದ ಅಕ್ಕನತ್ತ ತಿರುಗಿ, "ನೀವೂ ಆಡ್ತೀರಾ ಮೇಡಂ?" ಎಂದು ಕೇಳಿದ್ದ.

ಮೊದಲು ಹನ್ನೊಂದು ಆಟ ಗೆದ್ದವರಿಗೆ ಪದಕ. ಫೈನಲ್‌ನ ಮೇಜಿಗೆ ಹೊಸ ಬಟ್ಟೆ ಹಾಕಿದ್ದರು, ಚೆಂಡು ಜಾರುತ್ತಿತ್ತು. ಚಾಂಪಿಯನ್ನಳ ಬಿರುಸಿನ ಹೊಡೆತಕ್ಕೆ ನಾಲ್ಕು ಸಲ ಬಿಳಿ ಚೆಂಡೇ ಪಾಕೆಟ್ಟಿಗೆ ಬಿದ್ದು ಸರದಿ ಕೈತಪ್ಪಿತು. ತಂಗಿಯ ಮೆಲುಹೊಡೆತಕ್ಕೆ ಮಾತ್ರ ಪ್ರತಿ ಸಲವೂ ಒಂದಲ್ಲ ಒಂದು ಚೆಂಡು ಒಳಗೆ ಹೋಯಿತು. ಏಳು–ಏಳು ಆದಾಗ ಅಕ್ಕ ಮಡಿಲಲ್ಲಿ ಕೈ ಬಿಗಿಹಿಡಿದು, ತಪ್ಪಲಿ, ಇದೊಂದು ತಪ್ಪಲಿ, ಎಂದುಕೊಂಡಳು. ತಪ್ಪಲಿಲ್ಲ. ಹನ್ನೊಂದು–ಎಂಟು.

ತಂಗಿ ನೇರ ಓಡಿಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು.

"ನಿನ್ನ ಕೋಲು ಕಿತ್ತುಹೋಗಿದ್ದೇ ಒಳ್ಳೇದಾಯ್ತು ನೋಡು! ಕೈಲಿದ್ದಿದ್ರೆ ನಾನೂ ಅವಳ ಥರ ಧಡಾರಂತ ಬಾರಿಸ್ತಿದ್ದೆ." ಆಮೇಲೆ ಮೈಕ್ ಹಿಡಿದವರತ್ತ ತಿರುಗಿದಳು. "ಮೆಲ್ಲಗೆ ಹೊಡಿ ಅಂದಿದ್ದು ನಮ್ಮಕ್ಕ. ಬರ್ಕೊಳ್ಳಿ."

ಕ್ಯಾಮೆರಾಗಳು ಅಕ್ಕನ ಕಡೆ ಹೊರಳಿದವು. "ಹೊಸ ಬಟ್ಟೆ ಅಂತ ಮೊದಲೇ ಲೆಕ್ಕ ಹಾಕಿದ್ರಾ ಮೇಡಂ?" ಎಂದ ನಿನ್ನೆಯ ವರದಿಗಾರ.

ಅಕ್ಕ ನಕ್ಕಳು.

"ಅಂಟಣ್ಣ ಇನ್ನರ್ಧ ಗಂಟೆಗೆ ಪೆಟ್ಟಿಗೆ ಕಟ್ತಾನಂತೆ," ಎಂದಳು ತಂಗಿ. "ನಿನ್ನ ಕೋಲೇ ಮೊದಲು ಮಾಡ್ಬೇಕು ಅಂತ ಅವನಿಗೆ ಹೇಳಿದೀನಿ. ನಡಿ, ಕೋಲು ತರೋಣ."

"ನೀನು ಫೋಟೋಕ್ಕೆ ನಿಲ್ಲು ಮಹಾರಾಣಿ. ನಾನು ತರ್ತೀನಿ."

ಬಾಗಿಲ ಬಳಿ ಅಂಟಣ್ಣ ಅಡ್ಡ ಸಿಕ್ಕ. "ಏನಮ್ಮಾ, ಮೊನ್ನೆ ತಾನೆ ಹಾಕಿದ ಟಿಪ್ಪು! ಇಪ್ಪತ್ತು ವರ್ಷದಲ್ಲಿ ನನ್ನ ಅಂಟು ಬಿಟ್ಟಿದ್ದೇ ಇಲ್ಲ. ತನ್ನಿ, ಏನಾಗಿದೆ ಅಂತ ನೋಡೇಬಿಡೋಣ."

ಕೋಣೆಯ ಚಿಲಕ ಹಾಕಿ ಅಕ್ಕ ಮಂಚದ ಅಂಚಿನಲ್ಲಿ ಕುಳಿತಳು. ಕೋಲನ್ನು ತೊಡೆಯ ಮೇಲಿಟ್ಟು, ಟಿಪ್ಪಿನ ಬುಡಕ್ಕೆ ಬ್ಲೇಡ್ ಹಚ್ಚಿದಳು. ಚರ್ಮದ ಬಿಲ್ಲೆ ಅಲುಗಲಿಲ್ಲ. ಕೆಳಗಿನ ರಸ್ತೆಯಲ್ಲಿ ಯಾರೋ ತಂಗಿಯ ಹೆಸರು ಹಿಡಿದು ಕೂಗುತ್ತಿದ್ದರು. ಮರಕ್ಕೆ ಗೀರು ಬೀಳಬಾರದೆಂದು ಅಕ್ಕ ಕೋಲನ್ನು ಕೂದಲೆಳೆಯಷ್ಟೇ ಹೊರಳಿಸುತ್ತ ಮತ್ತೆ ಮತ್ತೆ ಕೊಯ್ದಳು. ಬಿಳಿ ಹಾಸಿಗೆಯ ಮೇಲೆ, ಟಿಪ್ಪಿಗೆ ಉಜ್ಜಿದ್ದ ನೀಲಿ ಸೀಮೆಸುಣ್ಣದ ಪುಡಿ ಉದುರುತ್ತಿತ್ತು.