ನಾಲ್ಕು ಹತ್ತರ ಲಿಂಕು

ಗ್ರಂಥಾಲಯದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ತಮ್ಮನಿಗೆ ಕಸ ಕಂಡರಾಗದು. ಮೇಜಿನ ಮೇಲೆ ಒಂದು ಗುಂಡುಪಿನ್ನು ಬಿದ್ದಿದ್ದರೂ ಮೂಗು ಮುರಿಯುವ ಆಸಾಮಿ. ಸೈಟನ್ನು ಹೊಸದು ಮಾಡುವಾಗ, ಯಾವ ಮೆನುವಿನಿಂದಲೂ ದಾರಿಯಿಲ್ಲದ ಹಳೆಯ ಪುಟಗಳನ್ನೆಲ್ಲ ಗುಡಿಸಿ ಹಾಕಿದ. ಒಂದರ ಮುಂದೆ ಮಾತ್ರ ಅರೆಗಳಿಗೆ ತಡೆದ. ಭೇಟಿಗಳ ದಾಖಲೆಯ ಪ್ರಕಾರ ದಿನಾ ಸಂಜೆ ಸರಿಯಾಗಿ ನಾಲ್ಕು ಹತ್ತಕ್ಕೆ ಯಾರೋ ನೇರ ಅದೇ ಪುಟಕ್ಕೆ ಬಂದು, ಬೇರೆ ಏನನ್ನೂ ಮುಟ್ಟದೆ ಹೋಗುತ್ತಿದ್ದರು. ಮನುಷ್ಯರು ಹೀಗೆ ಗಡಿಯಾರ ನೋಡಿಕೊಂಡು ಬರುತ್ತಾರೆಯೇ? ಯಾವುದೋ ಯಂತ್ರ ಇರಬೇಕು ಎಂದುಕೊಂಡು ಅಳಿಸಿಬಿಟ್ಟ. ತೆರೆದು ನೋಡುವಷ್ಟು ವ್ಯವಧಾನ ಮಹಾಶಯನಿಗೆ ಎಲ್ಲಿತ್ತು!

ನಲವತ್ತು ದಿನ ಕಳೆದ ಮೇಲೆ ಅವನ ಅಕ್ಕ ಫೋನು ಹಿಡಿದುಕೊಂಡು ಕಚೇರಿಗೆ ಬಂದಳು. ಎರಡು ವರ್ಷದ ಹಿಂದೆ ಅವನೇ ಕಳಿಸಿದ್ದ ಲಿಂಕನ್ನು ಒತ್ತಿದರೆ ಈಗ ಗ್ರಂಥಾಲಯದ ಮೊದಲ ಪುಟ ಬರುತ್ತದಂತೆ. ಫೋನು ಕೆಟ್ಟಿದೆಯೆಂದು ಎರಡು ಅಂಗಡಿ ತಿರುಗಿದ್ದಳಂತೆ. ಅವನ ಕೆಲಸಕ್ಕೆ ತೊಂದರೆ ಯಾಕೆಂದು ಇಷ್ಟು ದಿನ ಸುಮ್ಮನಿದ್ದಳಂತೆ.

ಲಿಂಕಿನ ಕೊನೆಯ ಅಂಕಿಗಳನ್ನು ಓದುತ್ತಲೇ, ತಾನು ಅರೆಗಳಿಗೆ ತಡೆದು ಅಳಿಸಿದ್ದ ಪುಟವೇ ಅದೆಂದು ಅವನಿಗೆ ಗುರುತಾಯಿತು. ಅದು ಚಿನಕುರುಳಿಯ ಪುಟ. ಚಿನಕುರುಳಿ ಎಂದರೆ ಅಕ್ಕನ ಮಗಳು; ಎಂಟು ವರ್ಷದ ಆ ಮಾತಿನ ಮಲ್ಲಿ ಮಕ್ಕಳ ವಿಭಾಗಕ್ಕೆಂದು ಒಂದು ಕತೆ ಓದಿ ಧ್ವನಿಮುದ್ರಣ ಮಾಡಿಸಿದ್ದಳು. ನಡುವೆ ಸೀನಿ, ಕಿಸಕ್ಕನೆ ನಕ್ಕಿದ್ದಳು. ತಿಂಗಳೊಪ್ಪತ್ತಿನಲ್ಲಿ ಜ್ವರ ಬಂದು ಹೋಗಿಯೇಬಿಟ್ಟಳು. ಮನೆಯಲ್ಲಿ ಫೋಟೋಗಳಿದ್ದವು; ದನಿ ಇದ್ದದ್ದು ಅಲ್ಲಿ ಮಾತ್ರ. ಅಕ್ಕ ಹುಡುಕಾಡಿ ಒದ್ದಾಡಬಾರದೆಂದು ನೇರ ಅಲ್ಲಿಗೇ ಹೋಗುವ ಲಿಂಕು ಕಳಿಸಿದ್ದವನು, ಅದನ್ನು ಮರೆತೂ ಬಿಟ್ಟಿದ್ದ.

ಅಳಿಸಿದ್ದರ ಪ್ರತಿ ಇರುವ ಬ್ಯಾಕಪ್ ತೆರೆದ. ಅದರಲ್ಲಿ ಉಳಿಯುವುದು ಮೂವತ್ತು ದಿನದ್ದಷ್ಟೇ. ಸುಮ್ಮನೆ ಕಸ ತುಂಬಬಾರದೆಂದು ಆ ನಿಯಮ ಮಾಡಿದವನೂ ಅವನೇ.

ಮುಚ್ಚಿಡದೆ ಎಲ್ಲವನ್ನೂ ಹೇಳಿದ. ಒಂದೇ ಹೊತ್ತಿಗೆ ಬರುತ್ತಿದ್ದದ್ದರಿಂದ ಯಂತ್ರವೆಂದುಕೊಂಡೆ ಎಂದೂ ಒಪ್ಪಿಕೊಂಡ.

ಅಕ್ಕ ಬಯ್ಯಲಿಲ್ಲ. ಎರಡು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅವಳು ಸ್ಕೂಲಿಂದ ಬರ್ತಿದ್ದಿದ್ದು ಆ ಹೊತ್ತಿಗೇ ಕಣೋ," ಎಂದಳು. "ದಿನಾ ಬಾಗಿಲು ತೆಗೆದಿಟ್ಟು ಕೇಳ್ತಿದ್ದೆ."

ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತಾಯಿತು. ಅಕ್ಕನ ಬೆರಳು ತಾನಾಗಿಯೇ ಲಿಂಕನ್ನು ಒತ್ತಿತು. ತಮ್ಮ ಹೊಸದಾಗಿ ಬರೆದು ಹಾಕಿದ್ದ ಸಾಲು ಪರದೆಯ ಮೇಲೆ ಬಂತು: 'ಸುಸ್ವಾಗತ. ನೀವು ಏನನ್ನು ಹುಡುಕುತ್ತಿದ್ದೀರಿ?'