ಒಲೆಯ ಮೇಲೆ ಹಾಲಿಟ್ಟು ಹೋದವನು

ಸುಗುಣಾಳ ಮೂರನೆಯ ಕಾದಂಬರಿಗೆ ಕೊನೆಯಿಲ್ಲ ಎಂಬುದೇ ಪ್ರಕಾಶಕ ಸೈದಪ್ಪನವರ ತಕರಾರು. ಅವಳ ಮೊದಲ ಎರಡು ಕಾದಂಬರಿಗಳನ್ನು ಅಚ್ಚು ಹಾಕಿದವರು ಅವರೇ. ಧಾರವಾಡದಲ್ಲಿ ಕುಳಿತು, ಹೆಸರು ಕೇಳಿರದ ಡೊಂಬಿವಲಿಯ ಬ್ಯಾಂಕ್ ಗುಮಾಸ್ತೆಯೊಬ್ಬಳ ಬರಹಕ್ಕೆ ಬೆಲೆ ಕೊಟ್ಟ ಮನುಷ್ಯ. ಅವರನ್ನು ಕೆಟ್ಟವರೆಂದರೆ ಬಾಯಲ್ಲಿ ಹುಳ ಬೀಳಬೇಕು. ಹಸ್ತಪ್ರತಿಯನ್ನು ಬಹಳ ದಿನ ಇಟ್ಟುಕೊಂಡು, ಕೊನೆಗೊಂದು ಮಧ್ಯಾಹ್ನ ಫೋನು ಮಾಡಿದರು.

“ಅಕ್ಕಾರ, ಎಲ್ಲಾ ಛಲೋ ಬರದೀರಿ. ಆದ್ರ ಆ ಕ್ಯಾಂಟೀನ್ ಹುಡುಗ ಕೊನೀಗೆ ಏನಾದ? ಸ್ಫೋಟದಾಗ ಸತ್ನೋ, ಬದುಕ್ಯಾನೋ? ಓದೋರನ್ನ ನಡು ದಾರ್ಯಾಗ ಕೈಬಿಟ್ರ ಹೆಂಗ್ರಿ? ಸತ್ತ ಅಂತ ಒಂದು ಅಧ್ಯಾಯ ಬರದು ಕೊಡ್ರಿ, ಮುಂದಿನ ತಿಂಗಳು ಅಚ್ಚಿಗೆ ಹಾಕ್ತೀನಿ.”

“ಅದೊಂದು ನನ್ನಿಂದ ಆಗುವುದಿಲ್ಲ ಸರ್.”

“ಯಾಕ್ರೀ?”

ಯಾಕೆಂದು ಹೇಗೆ ಹೇಳುವುದು? ಆ ಹುಡುಗ ಅವಳ ತಮ್ಮ ಜಯೇಶ್. ಡೊಂಬಿವಲಿಯ ಕೈಗಾರಿಕಾ ವಲಯದ ಒಂದು ಬಣ್ಣದ ಕಾರ್ಖಾನೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ. ಅಲ್ಲಿ ಸ್ಫೋಟವಾದ ದಿನ ಊರಿನ ಅರ್ಧ ಕಿಟಕಿಗಳ ಗಾಜು ಒಡೆದಿತ್ತು. ಸಿಕ್ಕಿದ ದೇಹಗಳಲ್ಲಿ ಜಯೇಶನದು ಇರಲಿಲ್ಲ. ಗುರುತೇ ಹತ್ತದ ಅವಶೇಷಗಳ ಜೊತೆ ತಾಯಿಯ ರಕ್ತ ಹೋಲಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದರು, ಅದೂ ಹೊಂದಲಿಲ್ಲ. ಜಯೇಶನಂಥವನೊಬ್ಬನನ್ನು ಅದೇ ಸಂಜೆ ಊರಾಚೆ ಹೆದ್ದಾರಿಯ ಶೀಳ್ ಫಾಟಾ ಕೂಡುರಸ್ತೆಯಲ್ಲಿ ಕಂಡೆ ಎಂದು ಲಾರಿ ಚಾಲಕನೊಬ್ಬ ಹೇಳಿದ. ಅಷ್ಟೇ. ಆ ಒಂದು ಮಾತಿನ ಮೇಲೆ ಮನೆ ಇಷ್ಟು ವರ್ಷ ನಿಂತಿತ್ತು.

ತಾಯಿ ಅಕ್ಕುವಿಗೆ ಎಂಬತ್ತು ದಾಟಿದೆ. ಆಟಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆಗೆ, ತುಳುನಾಡಿನ ಕ್ರಮದಂತೆ, ಒಳಕೋಣೆಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾಳೆ. ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುವುದು, ಬಂದವರು ಉಂಡರೆಂದ ಮೇಲೆ ಬಾಗಿಲು ತಟ್ಟಿ ತೆರೆಯುವುದು. ಗಂಡ ಚನಿಯನಿಗೆ ಪ್ರತಿವರ್ಷ ಎಲೆ ಬೀಳುತ್ತದೆ. ಮಗನಿಗೆ ಅವಳು ಒಮ್ಮೆಯೂ ಹಾಕಿಲ್ಲ. ನೆಂಟರು ಹೇಳಿ ಸೋತಿದ್ದರು.

ತಮ್ಮ ಇನ್ನಿಲ್ಲವೆಂದು ಸುಗುಣಾಳ ಮನಸ್ಸು ಎಂದೋ ಒಪ್ಪಿಕೊಂಡಿತ್ತು. ಆದರೆ ಮಗಳು ಬರೆದದ್ದನ್ನು ಮೊದಲು ಓದುವವಳು ಅಕ್ಕು. ನಾಲ್ಕನೇ ಕ್ಲಾಸಿನ ಓದು, ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದು ಕೈಯ ಬೆರಳು ಸಾಲಿನ ಕೆಳಗೆ. ಮಗ ಸತ್ತನೆಂದು ಅಚ್ಚಾದ ಪುಸ್ತಕವನ್ನು ಆ ಕೈಗೆ ಕೊಡುವುದೆಂದರೆ ಮುದುಕಿಯ ಜೀವಕ್ಕೆ ಆಸರೆಯಾಗಿದ್ದ ಒಂದೇ ಆಸೆಯನ್ನು ಮಗಳೇ ಹಿಸುಕಿದಂತೆ. ಸುಗುಣಾ ಹಸ್ತಪ್ರತಿಯನ್ನು ವಾಪಸು ಕೇಳಿದಳು. ಸೈದಪ್ಪನವರು ನೊಂದುಕೊಂಡರು, ಆದರೂ ಕಳಿಸಿಕೊಟ್ಟರು.

“ನಾವೇ ಅಚ್ಚು ಹಾಕುವ,” ಎಂದು ಸುಗುಣಾ ತನ್ನ ಮಗಳು ಪ್ರೇಕ್ಷಾಳಿಗೆ ಹೇಳಿದಳು. ಪ್ರೇಕ್ಷಾಳಿಗೆ ಘಣಸೋಲಿಯ ಆಫೀಸಿನಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ತನಗೆ ಓದಲಾಗದ ಪುಸ್ತಕಕ್ಕೆ ಆ ಹುಡುಗಿ ಒಂದಿಡೀ ಬೇಸಗೆಯ ರಜೆಗಳನ್ನು ಸುರಿದಳು. ಅಮ್ಮ ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದೆಲ್ಲ ಹೊಸ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗಿ ಕಂಡಿತು. ವಾಶಿಯ ಡಿಟಿಪಿ ಅಂಗಡಿಯವನಿಗೆ ಕನ್ನಡ ಬಾರದು, ಅವನು ಒತ್ತಕ್ಷರಗಳನ್ನು ಕಂಡಕಂಡಲ್ಲಿ ಎಸೆದ. ಸುಗುಣಾ ಲೋಕಲ್ ರೈಲು ಹಿಡಿದು ಹೋಗಿ ಅವನ ಪಕ್ಕ ಸ್ಟೂಲಿನಲ್ಲಿ ಕೂತು ಪುಟಪುಟವನ್ನೂ ತಿದ್ದಿಸಿದಳು. ಸೈದಪ್ಪನವರ ಕಚೇರಿಯಲ್ಲಿ ಇದನ್ನೆಲ್ಲ ಯಾರೋ ಸದ್ದಿಲ್ಲದೆ ಮಾಡುತ್ತಿದ್ದರಲ್ಲ ಎಂದು ಆಗ ಅವಳಿಗೆ ನಾಚಿಕೆಯಾಯಿತು.

ಕೊನೆಗೆ, ಬರೆದವರೇ ಪುಸ್ತಕ ಅಚ್ಚು ಹಾಕಿಸಿಕೊಳ್ಳುವ ವೆಬ್‌ಸೈಟಿನಲ್ಲಿ ಪ್ರಕಾಶಕರ ಹೆಸರಿನ ಖಾನೆಯೊಂದು ತುಂಬಲು ಉಳಿಯಿತು.

“ಮಮ್ಮಿ, ಪಬ್ಲಿಷರ್ ಕಾ ನಾಮ್ ಕ್ಯಾ ಡಾಲೂಂ?”

“ನನ್ನದೇ ಹಾಕು,” ಎಂದಳು ಸುಗುಣಾ. ಹೆಮ್ಮೆಗಿಂತ ಹೆಚ್ಚಾಗಿ ಅವಳಿಗೆ ಹೆದರಿಕೆಯಾಯಿತು.

ಬಿಡುಗಡೆ ಸಮಾರಂಭ, ಹಾರ, ಶಾಲು ಒಂದೂ ಇರಲಿಲ್ಲ. ಕೊರಿಯರ್‌ನವನು ಸೊಸೈಟಿಯ ವಾಚ್‌ಮನ್ ಕ್ಯಾಬಿನ್ನಿನಲ್ಲಿ ಒಂದು ಪೆಟ್ಟಿಗೆ ಎಸೆದುಹೋದ, ಅದೇ ಬಿಡುಗಡೆ. ಮೊದಲ ಪ್ರತಿ ಅಕ್ಕುವಿನ ಕೈಗೆ ಹೋಯಿತು. ಮಳೆಗಾಲ ಆಗಲೇ ಜೋರಾಗಿತ್ತು. ಅಕ್ಕು ಕಿಟಕಿಯ ಪಕ್ಕ ಕೂತು ದಿನವೂ ಓದಿದಳು. ಪುಟ ತಿರುವಿದ ಸದ್ದಾದಾಗಲೆಲ್ಲ ಸುಗುಣಾ ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದಳು. ಎಲ್ಲಿಯಾದರೂ ಒಂದು ಸಾಲು ಜಾರಿ ಹೋಗಿ ಸಾವಿನ ವಾಸನೆ ಬಡಿದುಬಿಟ್ಟರೆ?

ಓದಿ ಮುಗಿದ ದಿನ ಅಕ್ಕು ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸಿಟ್ಟು ಮಗಳನ್ನು ಕರೆದಳು. ಅವರ ಮನೆಮಾತು ತುಳು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

“ಸುಗುಣಾ, ಒಂದು ಕಡೆ ಸುಳ್ಳು ಬರೆದಿದ್ದೀ.”

“ಎಲ್ಲಿ ಅಮ್ಮ?”

“ಒಲೆ ಮೇಲೆ ಹಾಲಿಟ್ಟು ಅವ ಸಕ್ಕರೆ ತರ್ಲಿಕ್ಕೆ ಹೊರಗೆ ಹೋದ, ಆಮೇಲೆ ಶಬ್ದ ಆಯ್ತು ಅಂತ ಬರೆದಿದ್ದೀಯಲ್ಲ. ಯಾರು ಹೋದದ್ದು? ನಮ್ಮ ಜಯೇಶನಾ?”

ಸುಗುಣಾ ಆ ಪುಟವನ್ನು ತೆರೆದು ನೋಡಿದಳು. ಕತೆಯಲ್ಲಿ ತಮ್ಮನನ್ನು ಹೇಗಾದರೂ ಮಾಡಿ ಕಾರ್ಖಾನೆಯ ಗೋಡೆಯಿಂದ ಹೊರಗೆ ತರಬೇಕಿತ್ತು. ಅದಕ್ಕೆ ಹೊಳೆದ ಉಪಾಯ ಅದು.

“ತಾನು ಕೆಲಸಕ್ಕಿದ್ದ ಹೋಟೆಲಿನಲ್ಲಿ ನಿನ್ನಪ್ಪ ಅವನಿಗೆ ಮೊದಲು ಕಲಿಸಿದ್ದೇ ಎಂತ? ಒಲೆ ಮೇಲೆ ಹಾಲಿದ್ದರೆ ಗಿರಾಕಿ ಕರೀಲಿ, ಧಣಿ ಕರೀಲಿ, ಜಾಗ ಬಿಡಬಾರದು. ಒಮ್ಮೆ ಬಿಟ್ಟದ್ದಕ್ಕೆ ಸಟ್ಟುಗದಲ್ಲಿ ಪೆಟ್ಟು ತಿಂದಿದ್ದಾನೆ. ಆಮೇಲೆ ಯಾವತ್ತಾದರೂ ಅವ ಹಾಲು ಉಕ್ಕಿಸಿದ್ದುಂಟಾ? ಆ ಶಬ್ದ ಬಂದದ್ದು ಅವ ಚಾಯಕ್ಕೆ ಹಾಲಿಡುವ ಹೊತ್ತಿಗೆ. ಇಲ್ಲಿ ಗಾಜು ಒಡೆದಾಗ ನನಗೆ ಮೊದಲು ನೆನಪಾದದ್ದೇ ಅದು. ಅವ ಒಲೆಯ ಹತ್ತಿರವೇ ಇದ್ದ ಮಗಾ. ಆವತ್ತೇ ಗೊತ್ತಾಯ್ತು ನನಗೆ.”

“ಆವತ್ತೇ ಗೊತ್ತಿತ್ತಾ? ಮತ್ತೆ ಎಲೆ ಯಾಕೆ ಹಾಕಲಿಲ್ಲ ಅಮ್ಮ?”

“ನೀನು ಸ್ಟೇಷನ್ನಿನಲ್ಲಿ ಅವನ ಎತ್ತರದವರನ್ನೆಲ್ಲ ತಿರುಗಿ ತಿರುಗಿ ನೋಡ್ತಿದ್ದೆ. ಒಮ್ಮೆ ಯಾರದ್ದೋ ಹಿಂದೆ ಕಲ್ಯಾಣದ ಗಾಡಿಯನ್ನೇ ಹತ್ತಿಬಿಟ್ಟೆ. ಎಲೆ ಹಾಕಿದರೆ ನೀನು ಎಂತ ಆಗಿ ಹೋಗ್ತೀಯೋ ಅಂತ ಸುಮ್ಮನಿದ್ದೆ.”

ಸುಗುಣಾ ತೆರೆದಿದ್ದ ಪುಸ್ತಕವನ್ನು ಮುಚ್ಚಿದಳು. ತಾಯಿಗಾಗಿ ಅವಳು ಕಾದಂಬರಿಗೆ ಕೊನೆ ಬರೆಯಲಿಲ್ಲ. ಅವಳಿಗಾಗಿ ತಾಯಿ ಮಗನಿಗೆ ಒಂದು ತುತ್ತು ಬಡಿಸಲಿಲ್ಲ. ಇಷ್ಟು ವರ್ಷ ಅವನು ಹಸಿದುಕೊಂಡೇ ಇದ್ದನೇ ಎಂಬ ಯೋಚನೆ ಬಂದದ್ದೇ, ಇಂಥದ್ದನ್ನೆಲ್ಲ ನಂಬದ ಆ ಹೆಂಗಸು ಗೋಡೆಗೊರಗಿ ಅತ್ತಳು. ಸೈದಪ್ಪನವರು ಅಚ್ಚು ಹಾಕಿದ್ದರೆ ಬರೆದ ಸುಳ್ಳಿನಲ್ಲಿ ಅವರಿಗೂ ಒಂದು ಪಾಲು ಹಚ್ಚಬಹುದಿತ್ತು. ಈ ಪುಸ್ತಕದಲ್ಲಿ ಎಲ್ಲ ಖಾನೆಗಳಲ್ಲೂ ಅವಳದೇ ಹೆಸರು.

“ಅಳುವುದು ಆಮೇಲೆ,” ಎಂದಳು ಅಕ್ಕು. “ಅಚ್ಚಾದದ್ದನ್ನು ಬದಲು ಮಾಡ್ಲಿಕ್ಕೆ ಆಗ್ತದಾ?”

ಆಗುತ್ತಿತ್ತು. ಹಳೆಯ ದಾರಿಯಲ್ಲಾದರೆ ಸಾವಿರ ಪ್ರತಿ ಗೋದಾಮಿನಲ್ಲಿ ಬಿದ್ದಿರುತ್ತಿದ್ದವು. ಇಲ್ಲಿ ಯಾರಾದರೂ ಬೇಕೆಂದಾಗಲೇ ಒಂದೊಂದು ಪ್ರತಿ ಅಚ್ಚಾಗುವುದು. ಫೈಲು ಬದಲಿಸಿದರೆ ಮುಂದಿನ ಪುಸ್ತಕ ಬೇರೆಯೇ ಪುಸ್ತಕ.

ಸುಗುಣಾ ಬರೆಯಲು ಕೂತಳು. ಸಕ್ಕರೆಯ ಸಾಲನ್ನು ಹೊಡೆದುಹಾಕಿದಳು. ಕೊನೆಯ ಅಧ್ಯಾಯದಲ್ಲಿ ಹುಡುಗ ಎಲ್ಲಿಗೂ ಹೋಗಲಿಲ್ಲ. ಹೊರಗೆ ಯಾರೋ ಕೂಗಿದರು, ಅವನು “ಬಂದೆ” ಎಂದನಷ್ಟೇ. ಒಲೆಯ ಉರಿ ತಗ್ಗಿಸಿ, ಹಾಲು ಕೆನೆ ಕಟ್ಟಿ ಮೇಲೇರುವುದನ್ನೇ ನೋಡುತ್ತ ನಿಂತ. ಅಲ್ಲಿಗೆ ಪುಸ್ತಕ ಮುಗಿಯಿತು.

ಅಮಾವಾಸ್ಯೆಯಂದು ಎರಡು ಎಲೆ ಬಿದ್ದವು. ದಿನವಿಡೀ ಸಸ್ಯಾಹಾರಿ ಕ್ಯಾಂಟೀನಿನಲ್ಲಿ ಬೆವರಿ ಮನೆಗೆ ಬಂದು ಮೀನು ಕೇಳುತ್ತಿದ್ದವನಿಗೆ ಬಂಗುಡೆ ಹುರಿದು ಬಡಿಸಿದರು. ಎಲ್ಲ ಮುಗಿದ ಮೇಲೆ ಅಕ್ಕು ಒಲೆಯ ಮೇಲೆ ಹಾಲಿಟ್ಟಳು. ಯಾರು ಕರೆದರೂ ಕದಲದೆ, ನಡುಗುವ ಕಾಲಲ್ಲಿ, ಅದು ಕುದಿಯುವವರೆಗೂ ನಿಂತಿದ್ದು, ಚಹಾ ಮಾಡಿ ಒಂದು ಲೋಟ ಮಗನ ಎಲೆಯ ಬದಿಗಿಟ್ಟಳು. ಬಾಗಿಲು ಎಳೆದುಕೊಂಡು ಮೂವರೂ ಹೊರಗೆ ಕೂತರು.

ಪ್ರೇಕ್ಷಾಳ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಹೊಸ ಫೈಲು ಸಿದ್ಧವಾಗಿತ್ತು. ಹಳೆಯದರ ಜಾಗದಲ್ಲಿ ಇದನ್ನು ಇಡಲೇ ಎಂದು ಪರದೆ ಕೇಳುತ್ತಿತ್ತು.

“ಮಮ್ಮಿ, ತುಮ್ ಕರೋ,” ಎಂದು ಅವಳು ಲ್ಯಾಪ್‌ಟಾಪನ್ನು ಅಮ್ಮನ ಕಡೆ ತಿರುಗಿಸಿದಳು.

ಸುಗುಣಾ ಕೈ ಚಾಚಿದಳು, ಒತ್ತಲಾಗಲಿಲ್ಲ. ಒತ್ತಿದರೆ ಲಾರಿ ಚಾಲಕ ಹೇಳಿದ್ದ ಶೀಳ್ ಫಾಟಾದ ಆ ದಾರಿಯೂ ಮುಚ್ಚಿಹೋಗುತ್ತಿತ್ತು.

“ಎಲ್ಲಿ ಒತ್ತಬೇಕು, ಬಾಲೆ?” ಎಂದು ಮೊಮ್ಮಗಳನ್ನು ಕೇಳಿದಳು ಅಕ್ಕು. ಪ್ರೇಕ್ಷಾ ತೋರಿಸಿದಳು. ಇಡೀ ಪುಸ್ತಕದ ಸಾಲುಗಳ ಕೆಳಗೆ ಸರಿದಿದ್ದ ಬೆರಳಿನಿಂದ ಅಕ್ಕು ಅಲ್ಲಿ ಒತ್ತಿದಳು.

ಆಮೇಲೆ ಗೋಡೆ ಹಿಡಿದು ಎದ್ದಳು.

“ಇನ್ನು ಬಾಗಿಲು ತಟ್ಟು ಸುಗುಣಾ. ಉಂಡಾಗಿರಬಹುದು ಅವನದ್ದು.”