ಒಂದು ಮಂತ್ರಕ್ಕೆ ಒಂದೇ ತೋಳ

ಇನ್ನೂ ಐದು ತೋಳಗಳು ಬಾಕಿ ಇದ್ದವು. ಅಕ್ಕ ನಾಲ್ಕನೆಯದನ್ನು ಬೆರಳ ತುದಿಯಿಂದ ಮುಂದಕ್ಕೆ ತಳ್ಳಿ, ದಾಳವನ್ನು ಅಂಗೈಯಲ್ಲಿ ಕುಲುಕುತ್ತಾ, "ಇವನು ಹಠಮಾರಿ. ಹಿಂದಿನಿಂದ ಹೋಗಿ ಕಾಲು ಹಿಡೀತಾನೆ" ಎಂದಳು.

ತೋಳವೆಂದರೆ ಕೋಟಿನ ಗುಂಡಿ. ಅಕ್ಕ ದರ್ಜಿ. ಎಂಟು ಹಳೆಯ ಕೋಟುಗಳಿಂದ ಕಿತ್ತ ಎಂಟು ಬಗೆಯ ಗುಂಡಿಗಳನ್ನು ತಗಡಿನ ಡಬ್ಬಿಯಲ್ಲಿಟ್ಟುಕೊಂಡು ಪ್ರತಿ ಭಾನುವಾರ ಮಧ್ಯಾಹ್ನ ತಮ್ಮನ ಕನ್ನಡಕದಂಗಡಿಗೆ ಬರುತ್ತಿದ್ದಳು. ಅಂಗಡಿಗೆ ಅಂದು ರಜೆ. ಹಿಂಬದಿಯ ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಮೇಜು ಹಾಕಿ ನಾಲ್ವರು ಆಡುತ್ತಿದ್ದರು. ಕಥೆ ನಡೆಸುವವನು ತಮ್ಮ; ರಾಕ್ಷಸರೂ ಬಿರುಗಾಳಿಯೂ ಅವನ ಕೈಯಲ್ಲಿ. ಬೇಕರಿಯವರು ಕತ್ತಿವೀರ, ಲೈಬ್ರರಿ ಮೇಡಂ ಕಳ್ಳಿ, ಅಕ್ಕ ಮಂತ್ರಗಾತಿ. ಅವಳು ಆವಾಹನೆಯ ಮಂತ್ರ ಹೇಳಿದರೆ ಸಾಕು, ಕಾಡಿನಿಂದ ಎಂಟು ತೋಳಗಳು ಓಡಿಬರುತ್ತಿದ್ದವು. ಒಂದೊಂದರ ಪರವಾಗಿಯೂ ಅವಳು ದಾಳ ಹಾಕಬೇಕು. ಅಷ್ಟರಲ್ಲಿ ಬೇಕರಿಯವರು ಎರಡು ಸಲ ಆಕಳಿಸಿ, ತಾವೇ ತಂದ ಬಿಸ್ಕತ್ತನ್ನು ತಾವೇ ಖಾಲಿ ಮಾಡಿದ್ದರು.

ಏಳನೆಯ ತೋಳ ಕಚ್ಚುವಷ್ಟರಲ್ಲಿ ಅಂದಿನ ರಾಕ್ಷಸ ಕಲ್ಲುದೊರೆ ಸತ್ತುಬಿದ್ದ. ಎಂಟನೆಯದಕ್ಕೆ ಕೆಲಸವೇ ಉಳಿಯಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮನೂ ತಟ್ಟಿದ. ಆದರೆ ಒಳಗೊಳಗೇ ಕುದಿಯುತ್ತಿದ್ದ. ಕಲ್ಲುದೊರೆಯನ್ನು ಕಟ್ಟಲು ಅವನಿಗೆ ಮೂರು ವಾರ ಹಿಡಿದಿತ್ತು. ಲೆನ್ಸ್ ಉಜ್ಜುತ್ತಲೇ ದೊರೆಯ ಗಡಸು ದನಿಯನ್ನು ಅಭ್ಯಾಸ ಮಾಡಿದ್ದ. ಕನ್ನಡಕ ತೆಗೆದುಕೊಳ್ಳಲು ಬಂದ ಮುದುಕರೊಬ್ಬರು ಗಂಟಲು ಕೆಟ್ಟಿದೆಯೇ ಎಂದೂ ವಿಚಾರಿಸಿದ್ದರು. ಅಷ್ಟೆಲ್ಲ ಮಾಡಿ ದೊರೆ ಒಂದು ಮಾತೂ ಆಡದೆ ಸತ್ತಿದ್ದ, ಅದೂ ಗುಂಡಿಗಳ ಕೈಯಲ್ಲಿ.

ಮುಂದಿನ ಭಾನುವಾರ ಅವನು ಹೊಸ ನಿಯಮ ಓದಿದ. "ಇನ್ನು ಮೇಲೆ ಒಂದು ಮಂತ್ರಕ್ಕೆ ಒಂದೇ ತೋಳ. ಆಟದ ತೂಕ ಸರಿಹೋಗಬೇಕಲ್ಲ. ಎಲ್ಲರೂ ಕೇಳ್ತಾ ಇದ್ರು."

ಯಾರೂ ಕೇಳಿರಲಿಲ್ಲ. ಬೇಕರಿಯವರು ಬಾಯಿ ತೆರೆದವರು ಅಕ್ಕನ ಮುಖ ನೋಡಿ ಬಿಸ್ಕತ್ತು ತುರುಕಿಕೊಂಡರು. ಲೈಬ್ರರಿ ಮೇಡಂ ಇಲ್ಲದ ಧೂಳನ್ನು ಮೇಜಿನಿಂದ ಒರೆಸಿದರು.

"ನಂದು ತುಂಬಾ ಹೊತ್ತು ಹಿಡಿಯುತ್ತೆ ಅಲ್ವಾ?" ಎಂದಳು ಅಕ್ಕ. "ಮೊದಲೇ ಹೇಳಬಾರದಿತ್ತೇನೋ? ನಾನೇ ಕಮ್ಮಿ ಮಾಡ್ತಿದ್ದೆ." ಡಬ್ಬಿ ತೆರೆದು ಬಹಳ ಹೊತ್ತು ಹುಡುಕಿ, ಅಂಚು ಒಡೆದ ಕಂದು ಗುಂಡಿಯೊಂದನ್ನು ಹೊರಗಿಟ್ಟಳು. ಅದು ಹಠಮಾರಿ. ಉಳಿದ ಏಳರ ಮೇಲೆ ಮುಚ್ಚಳ ಹಾಕುತ್ತಾ ನಗಾಡಿದಳು. "ಮನೇಲಿ ಊಟಕ್ಕೆ ಐದು ಸಲ ಕೂಗಿದ್ರೂ ಒಬ್ಬರೂ ಏಳಲ್ಲ. ಕರೆದ ತಕ್ಷಣ ಬರೋವು ಇವೇ ಇದ್ವು."

ಗಂಟಲು ಸರಿಮಾಡಿಕೊಂಡು ಕಥೆ ಶುರುಮಾಡಿದ ತಮ್ಮ. ಅಂದು ಬಂದವನು ಕಲ್ಲುದೊರೆಯ ತಮ್ಮ. ದನಿ ಅದೇ, ಮಾತುಗಳೂ ಅವೇ. ಈ ಸಲ ಎಲ್ಲವನ್ನೂ ಆಡಿ ಮುಗಿಸಿದ. ಅಕ್ಕ ಹಠಮಾರಿಯನ್ನು ಕರೆದಳು. ಒಂಟಿ ತೋಳ ಒಂದೇ ನೆಗೆತಕ್ಕೆ ಈ ಹೊಸ ದೊರೆಯ ಕುತ್ತಿಗೆಗೆ ಬಾಯಿ ಹಾಕಿತು. ಬೇಕರಿಯವರು ಕುರ್ಚಿಯಿಂದಲೇ ಅರ್ಧ ಎದ್ದು "ಬಿಡಬೇಡ ಮಗನೇ!" ಎಂದು ಕೂಗಿದರು. ನಿಯಮ ಚೆನ್ನಾಗಿಯೇ ಇತ್ತು. ಅಷ್ಟಕ್ಕೇ ಬಿಟ್ಟಿದ್ದರೆ ತಮ್ಮನ ಮಾನ ಉಳಿಯುತ್ತಿತ್ತು.

ದೊರೆಯ ಸರದಿ ಬಂತು. ತಮ್ಮನ ಮುಂದೆ ಕಣ್ಣು ಪರೀಕ್ಷೆಯ ಹಳೆಯ ಅಕ್ಷರದ ಪಟವೊಂದು ಮಡಚಿ ನಿಂತಿತ್ತು, ಅವನ ದಾಳ ಯಾರಿಗೂ ಕಾಣದಿರಲೆಂದು. ಇಪ್ಪತ್ತು ಮುಖದ ದಾಳ ಅವನ ಎಡಗೈ ಪಕ್ಕದಲ್ಲಿ ಉರುಳಿ ನಿಂತಿತು. ಮೂರು. ತೋಳಕ್ಕೆ ಒಂದು ಗೀರೂ ಬೀಳುವಂತಿರಲಿಲ್ಲ.

"ಹದಿನೇಳು," ಎಂದ ತಮ್ಮ. "ಹಠಮಾರಿ ಸತ್ತ."

ಅಕ್ಕ ಅವನ ಕಡೆ ನೋಡಿದಳು. ಮುಖ ಅಷ್ಟೇನೂ ಬದಲಾಗಲಿಲ್ಲ. "ಆಯ್ತು," ಎಂದು ಗುಂಡಿಯನ್ನು ಮಗುಚಿಟ್ಟಳು.

ಅಂದಿನ ಆಟ ಅಲ್ಲಿಗೆ ನಿಂತಿತು. ಸಂಜೆ ಎಲ್ಲರೂ ಹೋದ ಮೇಲೆ ಅವನು ಕೋಣೆ ಗುಡಿಸತೊಡಗಿದ. ಮಗುಚಿದ ಗುಂಡಿ ಮೇಜಿನ ಮೇಲೆಯೇ ಇತ್ತು. ಅದನ್ನು ಎತ್ತಿಕೊಂಡು, ಸೊಂಟ ಹಿಡಿದಿದ್ದರಿಂದ ಕ್ಷಣ ಕೂರೋಣವೆಂದು ಅಕ್ಕನ ಕುರ್ಚಿಯಲ್ಲಿ ಕುಳಿತ. ಕಣ್ಣು ತೋರಿಸಲು ಬಂದವರು ಕೂರುವ ಕುರ್ಚಿ ಅದು. ಕೋಣೆ ಚಿಕ್ಕದು, ಕುರ್ಚಿಯ ಹಿಂದಿನ ಪರೀಕ್ಷೆಯ ಅಕ್ಷರಗಳು ಸಾಕಷ್ಟು ದೂರದಲ್ಲಿ ಕಾಣಲೆಂದು ಎದುರು ಗೋಡೆಗೆ ಕನ್ನಡಿ ಹಾಕಿಸಿದ್ದ. ಕುಳ್ಳಗಿನವರಿಗೂ ಅನುಕೂಲವಾಗಲೆಂದು ಅದನ್ನು ಕೊಂಚ ಮುಂದಕ್ಕೆ ಬಾಗಿಸಿದವನೂ ತಾನೇ. ಆಡುವಾಗ ಅದು ಅವನ ಬೆನ್ನ ಹಿಂದಿರುತ್ತಿತ್ತು.

ತಲೆಯೆತ್ತಿದರೆ ಕನ್ನಡಿಯಲ್ಲಿ ಪಟದ ಹಿಂಬದಿ ಕಂಡಿತು. ಅದರ ಮರೆಯಲ್ಲಿ ಅವನು ಎತ್ತದೇ ಬಿಟ್ಟಿದ್ದ ದಾಳ. ಅಂಕಿ ತಿರುಗಿ ಕಂಡರೂ ಮೂರು ಮೂರೇ.

ಅವನ ಕಿವಿ ಬಿಸಿಯಾಯಿತು. ಎರಡು ವರ್ಷದಿಂದ ಅಕ್ಕ ಇದೇ ಕುರ್ಚಿಯಲ್ಲಿ ಕೂರುತ್ತಿದ್ದಳು. ಸುಳ್ಳು ಹೇಳಿದ್ದು ಇವತ್ತೇ ಮೊದಲೇನಲ್ಲ. ಸೇತುವೆ ಮುರಿದಾಗ, ವಿಷದ ಬಾವಿಯಲ್ಲಿ, ಅವಳ ಮಂತ್ರಗಾತಿ ಸಾಯಬೇಕಾಗಿದ್ದಾಗಲೆಲ್ಲ ಅವನು ಹತ್ತೊಂಬತ್ತನ್ನು ಎರಡು ಮಾಡಿ ಉಳಿಸಿದ್ದ. ಅದನ್ನೂ ನೋಡಿದ್ದಾಳೆ. ನೋಡಿ, ಏನೂ ತಿಳಿಯದವಳಂತೆ "ಅಬ್ಬಾ, ಬದುಕಿದೆ!" ಎಂದು ಎದೆ ಮುಟ್ಟಿಕೊಂಡಿದ್ದಾಳೆ. ದಿನವಿಡೀ ಬೇರೆಯವರ ಕಣ್ಣಿಗೆ ಏನು ಕಾಣುತ್ತದೆಂದು ಕೇಳುವ ತನಗೆ ಇದೊಂದು ಹೊಳೆಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ನಾಚಿಕೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ಊಟಕ್ಕೆ ಅವನನ್ನು ಕರೆಯುತ್ತಿದ್ದವಳೂ ಅವಳೇ. ಮೊದಲ ಕೂಗಿಗೆ ಅವನು ಎಂದೂ ಎದ್ದವನಲ್ಲ.

ವಾರವಿಡೀ ಫೋನ್ ಮಾಡಬೇಕೆಂದುಕೊಂಡ. ಮಾಡಲಿಲ್ಲ.

ಭಾನುವಾರ ಅಕ್ಕ ಎಲ್ಲರಿಗಿಂತ ಮೊದಲು ಬಂದಳು. ಬಂದವಳೇ ಗೋಡೆಯ ಪಕ್ಕದ ಸ್ಟೂಲನ್ನು ಮೇಜಿನ ಈಚೆಗೆ, ತಮ್ಮನ ಬಲಕ್ಕೆ ಎಳೆದು, ಕನ್ನಡಿಗೆ ಬೆನ್ನು ಹಾಕಿ ಕುಳಿತಳು. ಪಟದ ಒಂದು ಮಡಿಕೆ ಮಾತ್ರ ಅವಳ ಕಡೆಗೆ ತೆರೆದುಕೊಂಡಿತ್ತು; ಅದನ್ನು ತಾನೇ ಇಬ್ಬರ ನಡುವೆ ಎಳೆದು ದಾಳ ಮರೆಯಾಗುವಂತೆ ನಿಲ್ಲಿಸಿದಳು.

"ಅಲ್ಲಿ ಯಾಕೆ ಅಕ್ಕಾ? ನಿನ್ನ ಕುರ್ಚಿ..."

"ಆ ಕುರ್ಚೀಲಿ ಕೂತ್ರೆ ಎಲ್ಲಾ ಕಾಣುತ್ತೆ ಕಣೋ," ಎಂದಳು. "ಆಟ ರುಚಿಸಲ್ಲ."

"ಅಕ್ಕಾ, ಹೋದ ವಾರ ನಾನು..."

"ಗುಂಡಿ ಎಲ್ಲೋ? ಇಲ್ಲೇ ಬಿಟ್ಟುಹೋಗಿದ್ದೆ."

ಅವನು ಜೇಬಿನಿಂದ ತೆಗೆದುಕೊಟ್ಟ. ಅವಳು ಅದನ್ನು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿ, ಬೇರೊಂದನ್ನು ಹೊರಗಿಟ್ಟಳು. ಚಿಕ್ಕದು, ಬಿಳಿಯದು. ಹಿಂದೆ ಕೆಲಸ ಸಿಗದೆ ಉಳಿದ ಎಂಟನೆಯದು. ಅಷ್ಟರಲ್ಲಿ ಉಳಿದಿಬ್ಬರೂ ಬಂದರು.

ಬಿಳಿ ತೋಳ ದೊರೆಯ ಎದುರು ಬಂದು ನಿಂತಿತು. ತಮ್ಮ ಪಟದ ಮರೆಯಲ್ಲಿ ದಾಳ ಹಾಕಿದ. ಮೂರೇ ಬೀಳಲಿ, ಎರಡೇ ಬೀಳಲಿ ಎಂದು ಅವನು ಎಂದೂ ಇಷ್ಟು ಬೇಡಿಕೊಂಡಿರಲಿಲ್ಲ. ಹತ್ತೊಂಬತ್ತು ಬಿತ್ತು.

ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತಾ ಕುಳಿತ. ಯಾರಾದರೂ ಅಲ್ಲಿ ಕುಳಿತು ಕನ್ನಡಿ ನೋಡುತ್ತಿದ್ದರೆ ಚೆನ್ನಾಗಿತ್ತು.

"ಎಷ್ಟೋ?" ಎಂದಳು ಅಕ್ಕ.

"ಹತ್ತೊಂಬತ್ತು," ಎಂದ. ದನಿ ಕಲ್ಲುದೊರೆಯದಾಗಿರಲಿಲ್ಲ.

ಅಕ್ಕ ಕನ್ನಡಿಯತ್ತ ತಿರುಗಿ ನೋಡಲಿಲ್ಲ. ಬಿಳಿ ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ಮಗುಚಿದಳು.